ಹೂದಾನಿಗೆ ಹೇಳಿದ ಮಾತು

"ಕಟ್!"

ನಿರ್ದೇಶಕ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಬಿಟ್ಟ. "ಅಜ್ಜಿ, ಮಾತು ಮೊಮ್ಮಗಳಿಗೆ ಹೇಳ್ಬೇಕು. ನೀವು ಮತ್ತೆ ಹೂದಾನಿಗೆ ಹೇಳಿದ್ರಿ."

"ಹೌದಾ? ಈ ಸಲ ನೋಡು."

ಆ ಸಲವೂ ಅದೇ ರಾಗ, ಅದೇ ಹಾಡು. ಬಾಯಿ ತೆರೆದೊಡನೆ ಅಜ್ಜಿಯ ಮುಖ ಮೇಜಿನ ಮೇಲಿನ ಹೂದಾನಿಯತ್ತ ತಿರುಗಿಬಿಟ್ಟಿತು. ಲೈಟಿನವರು ಮುಸಿಮುಸಿ ನಕ್ಕರು.

ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಈ ಅಜ್ಜಿಯ ಮಗಳು, ಎದುರಿಗಿದ್ದ ನಾಯಕಿಯ ತಾಯಿ. ತಾಯಿ ಒಂದು ಕಾಲದ ತಾರೆ, ಮಗಳು ಈ ಕಾಲದವಳು. ನಡುವೆ ಇವಳು ಜೀವಮಾನವೆಲ್ಲ ನಾಯಕಿಯ ಅಕ್ಕನ ಪಾತ್ರ ಮಾಡಿ, ಸ್ಟುಡಿಯೋದವರ ಬಾಯಲ್ಲಿ ಅಕ್ಕನಾಗಿಯೇ ಉಳಿದಿದ್ದಳು. ಮೂವರನ್ನೂ ಒಂದೇ ಚಿತ್ರದಲ್ಲಿ ಹಾಕಿಸಲು ನಿರ್ದೇಶಕನ ಬೆನ್ನು ಬಿದ್ದವಳೂ ಅವಳೇ. ಈ ದೃಶ್ಯದಲ್ಲಿ ಮಾತ್ರ ಅವಳಿಗೆ ಮಾತಿಲ್ಲ. ಕಿಟಕಿಯ ಬಳಿ ತಲೆ ತಗ್ಗಿಸಿ ನಿಂತಿರಬೇಕು, ಅಷ್ಟೇ.

ನಿರ್ದೇಶಕ ಅವಳನ್ನು ಪಕ್ಕಕ್ಕೆ ಕರೆದ. "ಬೇಜಾರು ಮಾಡ್ಕೋಬೇಡಿ ಅಕ್ಕ. ಇನ್ನೊಂದೇ ಟೇಕ್. ಆಗ್ಲಿಲ್ಲ ಅಂದ್ರೆ ಈ ಪಾತ್ರಕ್ಕೆ ಬೇರೆಯವರನ್ನ ಕರೆಸ್ತೀನಿ. ಅಜ್ಜಿಗೆ ವಯಸ್ಸಾಯ್ತು, ಮರೆವು."

"ಮರೆವಲ್ಲ ಕಣಪ್ಪ, ನೆನಪು ಜಾಸ್ತಿ," ಎಂದಳು ಅಕ್ಕ. ಹೇಳುವಾಗಲೇ ಅವಳಿಗೂ ಅದು ಹೊಳೆದದ್ದು. "ಅಮ್ಮನ ಕಾಲದಲ್ಲಿ ಮೈಕನ್ನ ಹೂದಾನಿಯೊಳಗೆ ಬಚ್ಚಿಡ್ತಿದ್ರು. ಆ ಕಡೆ ತಿರುಗದಿದ್ರೆ ಮಾತು ಸಿಗ್ತಾನೇ ಇರ್ಲಿಲ್ಲ. ನಂಗೂ ಕಿವಿ ಹಿಂಡಿ ಅದನ್ನೇ ಕಲಿಸಿದ್ಲು."

"ಹಾಗಾದ್ರೆ ಹೂದಾನಿ ತೆಗೆಸಿಬಿಡೋಣ."

"ತೆಗೆದ್ರೆ ಅದನ್ನೇ ಹುಡುಕ್ತಾ ಕೂರ್ತಾಳೆ, ಬೇಡ."

ಅಕ್ಕ ಹೂದಾನಿಯನ್ನು ಎತ್ತಿ ತಂದು ಮಗಳ ಬೆನ್ನ ಹಿಂದೆ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹುಡುಗಿಯ ಭುಜದಾಚೆ ಹೂಗಳು ಚೆನ್ನಾಗಿ ಕಾಣುತ್ತಿದ್ದವು. ಅದರ ಪಕ್ಕದಲ್ಲೇ ತಾನೂ ನಿಂತಳು.

ಕ್ಯಾಮೆರಾ ಚಾಲೂ ಆಯಿತು. ಕಥೆಯಲ್ಲಿ ಮೊಮ್ಮಗಳು ಎಲ್ಲೋ ಸೋತು ಮನೆಗೆ ಬಂದಿದ್ದಾಳೆ.

"ಸೋತೆ ಅಂತ ಮುಖ ಮುಚ್ಕೋಬೇಡ," ಎಂದಳು ಅಜ್ಜಿ, ಹೂಗಳಿಗೆ. "ಈ ಮನೇಲಿ ಸೋಲದೇ ಇದ್ದೋರು ಯಾರಿದ್ದಾರೆ ಹೇಳು?" ದೃಷ್ಟಿ ನಿಧಾನವಾಗಿ ಇಳಿದು ಹುಡುಗಿಯ ಮುಖಕ್ಕೆ ಬಂತು, ಅಲ್ಲೇ ನಿಂತಿತು. ದನಿ ತಗ್ಗಿತು. "ತಲೆ ಎತ್ತು ಮಗಾ."

ಹುಡುಗಿ ತಲೆ ಎತ್ತಿದಳು. ಗ್ಲಿಸರಿನ್ ಹಾಕದ ಕಣ್ಣು ತುಂಬಿ ಬಂದಿತ್ತು. ದೃಶ್ಯ ಅಲ್ಲಿಗೆ ಮುಗಿಯಬೇಕು. ಆದರೆ ಅಜ್ಜಿ ಮುಗಿಸಲಿಲ್ಲ. ಮೊಮ್ಮಗಳನ್ನು ದಾಟಿ, ಹೂದಾನಿಯನ್ನೂ ಬಿಟ್ಟು, ಕಿಟಕಿಯ ಬಳಿ ನಿಂತವಳನ್ನು ನೋಡಿದಳು.

"ನೀನೂ ಎತ್ತೇ."

ಆ ಮಾತು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಅಕ್ಕ ತಲೆ ಎತ್ತಿದಳು. ನಾಯಕಿಯ ಬೆಳಕಿಗೆ ಅಡ್ಡಬರದಂತೆ ನಿಂತು ನಿಂತು ಬಗ್ಗಿದ್ದ ಕತ್ತು ನೆಟ್ಟಗಾಯಿತು. ಲೈಟು ನೇರವಾಗಿ ಮುಖಕ್ಕೆ ಬಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಎರಡನ್ನೂ ಅವಳು ಬಚ್ಚಿಡಲಿಲ್ಲ.

ನಿರ್ದೇಶಕನಿಗೆ ಕಟ್ ಹೇಳುವುದೇ ಮರೆತುಹೋಗಿತ್ತು. ಕೊನೆಗೆ ಅಜ್ಜಿಯೇ, "ಸಾಕೇನಪ್ಪ?" ಎಂದಾಗ, ನಕ್ಕಿದ್ದ ಲೈಟಿನವರೇ ಮೊದಲು ಚಪ್ಪಾಳೆ ಹೊಡೆದರು.

"ಒಂದು ಚೂರೂ ಕತ್ತರಿಸಲ್ಲ. ಪೂರ್ತಿ ಇಡ್ತೀನಿ," ಎನ್ನುತ್ತ ನಿರ್ದೇಶಕ ಮಾನಿಟರಿಗೆ ಮುಖ ಅಂಟಿಸಿ, ಆ ದೃಶ್ಯವನ್ನೇ ಮತ್ತೆ ಹಾಕಿ ನೋಡತೊಡಗಿದ.

ಅಜ್ಜಿ ಬಂದು ಅವನ ಕುರ್ಚಿಯಲ್ಲಿ ಕೂತಳು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

"ಸ್ವಲ್ಪ ಸರಿಯಪ್ಪ," ಎಂದಳು. "ನನ್ನ ಮಗಳು ಕಾಣಿಸ್ತಿಲ್ಲ."

ಅವನು ಸರಿದ.