ಸದ್ದಿಲ್ಲದ ಹಾಡಿಗೆ ಒಂದು ಚಹಾ

ನಾನು ಶಂಶುದ್ದೀನ್, ಮಾನ್ವಿಯ ಕ್ಲಾರಿನೆಟ್ಟಿನವನು. ಬಾಗಲವಾಡದ ಒಂದು ಮದುವೆಯಲ್ಲಿ ನಾನು ಊದುತ್ತಿದ್ದಾಗ, ಹಾಡು ಮುಗಿಯುವ ತನಕ ಮದುಮಗನ ಕುದುರೆ ಕಾಲೆತ್ತಲಿಲ್ಲ. ನಾನೂ ಹಾಡು ಮುಗಿಸಲಿಲ್ಲ. ಮದುಮಗ ಮಂಟಪ ಮುಟ್ಟುವಷ್ಟರಲ್ಲಿ ಉಂಡವರಿಗೆಲ್ಲ ಎರಡನೇ ಸಲ ಹಸಿವಾಗಿತ್ತು. ಸಾಕ್ಷಿ ಕೇಳಬೇಡಿ, ಕುದುರೆ ತೀರಿಕೊಂಡಿದೆ.

ಆಗ ನಮ್ಮ ಬ್ಯಾಂಡಿನಲ್ಲಿ ಹನ್ನೊಂದು ಜನ. ಡಿಜೆ ಬಂದ ಮೇಲೆ ಡೋಲಿನ ಅಲ್ತಾಫ್ ರಾಯಚೂರಿನಲ್ಲಿ ಆಟೋ ಓಡಿಸತೊಡಗಿದ, ಉಳಿದವರು ಎಲ್ಲೆಲ್ಲೋ ಚದುರಿದರು. ದೊಡ್ಡ ಡೋಲು ಮಾತ್ರ ನನ್ನ ಮನೆಯಲ್ಲಿ ಉಳಿಯಿತು. ಅದರೊಳಗೆ ಜೋಳ ತುಂಬಿಟ್ಟಿದ್ದೇನೆ. ಮನೆಯಲ್ಲಿ ನಾನೊಬ್ಬನೇ. ಮಾತು ಬೇಕೆನಿಸಿದರೆ ಡೋಲು ತಟ್ಟುತ್ತೇನೆ, ಜೋಳ ಉತ್ತರ ಕೊಡುತ್ತದೆ.

ಸಂಜೆ ಆರರಿಂದ ಎಂಟರ ತನಕ ಮಾತ್ರ ನಾನು ಒಂಟಿಯಲ್ಲ. ಬಸ್ ನಿಲ್ದಾಣದ ಎದುರಿನ ಕನಕಪ್ಪನ ಖಾನಾವಳಿಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ, ನನ್ನದೊಂದು ಕುರ್ಚಿ. ಹನ್ನೆರಡು ವರ್ಷದಿಂದ ಅಲ್ಲಿ ಸಿನಿಮಾ ಹಾಡು ಊದುತ್ತೇನೆ, ಕನಕಪ್ಪ ರೊಟ್ಟಿ ಹಾಕುತ್ತಾನೆ. ಯಾರಿಗಾದರೂ ಬೇಕಾದ ಹಾಡಿದ್ದರೆ ನನಗೊಂದು ಚಹಾ ಕಳಿಸಿ ಹಾಡಿನ ಹೆಸರು ಹೇಳಬೇಕು, ಅದು ಅಲ್ಲಿಯ ಪದ್ಧತಿ. ಒಂದು ಸಂಜೆ ನಲವತ್ತು ಚಹಾ ಕುಡಿದೆ. ವಾರವಿಡೀ ನಾನು ಕಣ್ಣು ಮುಚ್ಚಲಿಲ್ಲ, ಊರಿನ ಕಳ್ಳರೆಲ್ಲ ಬೇಸತ್ತು ಬೇರೆ ಊರು ನೋಡಿಕೊಂಡರು.

ಯುಗಾದಿ ಮುಗಿದ ಮೇಲೆ ಕನಕಪ್ಪನಿಗೊಂದು ಕಾಗದ ಬಂತು. ಹಾಡಿಗೆ ಒಡೆಯರಿದ್ದಾರಂತೆ. ಖಾನಾವಳಿಯಲ್ಲಿ ನುಡಿಸಬೇಕಾದರೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕಂತೆ. ಇಬ್ಬರೂ ರಾಯಚೂರಿಗೆ ಹೋಗಿ ವಕೀಲ ಅಬ್ದುಲ್ ವಹೀದರನ್ನು ಕೇಳಿದೆವು. ಕಾಗದ ಸರಿಯಾದದ್ದೇ ಎಂದರು. ಹಾಡು ಕಟ್ಟಿದವನ ಹೊಟ್ಟೆಗೂ ಅನ್ನ ಬೇಕಲ್ಲ, ನಾನು ಒಪ್ಪಿದೆ. ಊದುವವನ ಪಾಲೆಷ್ಟು ಎಂದು ಕೇಳಿದೆ. ಪಾಲಿಲ್ಲ ಎಂದರು. ಶುಲ್ಕ ಎರಡು ತಿಂಗಳ ಗ್ಯಾಸಿನಷ್ಟಾಗುತ್ತದೆ, ತನ್ನಿಂದಾಗದು ಎಂದ ಕನಕಪ್ಪ. ಮತ್ತೆ ನಾನು ಏನು ಊದಲಿ ಎಂದು ಬಿಡದೆ ಕೇಳಿದೆ. ನಿಮ್ಮದೇ ಹಾಡು ಕಟ್ಟಿ ಊದಿರಿ ಎಂದ ವಕೀಲರು ಆಮೇಲೆ ನಕ್ಕರು.

“ಇಲ್ಲಾಂದ್ರ ಸಪ್ಪಳಾನೇ ಮಾಡಬ್ಯಾಡ್ರಿ. ಸುಮ್ಮನಿರಾಕ ಯಾವ ಲೈಸೆನ್ಸೂ ಬೇಕಾಗಂಗಿಲ್ಲ.”

ನನ್ನದೇ ಹಾಡು ಕಟ್ಟಿ ಮೂರು ಸಂಜೆ ಊದಿದೆ. ಗಿರಾಕಿಗಳು ಕೈಯನ್ನೂ ತೊಳೆಯದೆ ಎದ್ದುಹೋದರು. ಆಗ ವಕೀಲರ ಎರಡನೇ ಮಾತು ನೆನಪಾಯಿತು. ಅವರು ಹೇಳಿದ್ದು ತಮಾಷೆಗೆ, ನಾನು ತಿಳಿದದ್ದು ಕಾನೂನೆಂದು. ಕ್ಲಾರಿನೆಟ್ಟಿನಲ್ಲಿ ಬಾಯಿ ಇಡುವ ಕಡೆ ಬೆತ್ತದ ಸಣ್ಣ ಸೀಳೊಂದು ಇರುತ್ತದೆ, ರೀಡು. ಸದ್ದು ಹುಟ್ಟುವುದೇ ಅದರಿಂದ. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಎಂದಿನ ಹಾಡುಗಳನ್ನೇ ಊದಿದೆ. ಬೆರಳು ಆಡಿದವು, ಉಸಿರು ಹೋಯಿತು, ಸದ್ದು ಮಾತ್ರ ಇಲ್ಲ.

ಮೊದಲ ದಿನ ಜನ ನಕ್ಕರು. ಆಮೇಲೆ ನೋಡುವುದನ್ನೂ ಬಿಟ್ಟರು. ಕೈ ತೊಳೆದವರು ಕಂಬದ ಮೇಲೆ ಸಿಡಿಸುವಂತೆ ನನ್ನ ಮೇಲೆ ನೀರು ಸಿಡಿಸಿ ಹೋದರು. ಚಹಾ ಒಂದೂ ಬರಲಿಲ್ಲ. ಇವತ್ತು ಬಹಳ ಚೆನ್ನಾಗಿ ಊದಿದೆ ಎಂದು ದಿನಾ ಮನೆಗೆ ಹೋಗಿ ಜೋಳಕ್ಕೆ ಹೇಳಿದೆ.

ಹದಿನೈದು ದಿನ ನೋಡಿ ಕನಕಪ್ಪ ನನ್ನ ಹತ್ತಿರ ಬಂದ.

“ಶಂಶು, ಈ ಜಾಗದಾಗ ಒಂದು ಟೇಬಲ್ ಹಿಡಿತದಪಾ. ಅಮಾಸಿ ತನಕ ನೋಡ್ತೀನಿ. ಒಂದಾದ್ರೂ ಚಾ ಬಂದ್ರ ಕುರ್ಚಿ ನಿಂದ. ಇಲ್ಲಾಂದ್ರ ರೊಟ್ಟಿ ಮನಿಗೇ ಕಳಿಸ್ತೀನಿ.”

ರೊಟ್ಟಿ ಮನೆಗೆ ಬಂದೀತು, ಜನ ಬರುತ್ತಾರೆಯೇ? ನಾನೇ ನನಗೊಂದು ಚಹಾ ತರಿಸಿಕೊಳ್ಳಬಹುದಿತ್ತು. ತರಿಸಲಿಲ್ಲ.

ಅಮಾವಾಸ್ಯೆ ಬಂತು. ಆ ಸಂಜೆ ಕನಕಪ್ಪ ಹೊಸ ಟೇಬಲ್ಲನ್ನು ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದ್ದ. ಅಷ್ಟರಲ್ಲಿ ನನ್ನ ಮುಂದೊಂದು ಚಹಾ ಬಂತು. ಕಳಿಸಿದವಳು ಯಮನಮ್ಮ. ದೇವದುರ್ಗದ ಕಡೆಯವಳು, ಅಮಾವಾಸ್ಯೆಗೊಮ್ಮೆ ಮಾನ್ವಿಗೆ ಬಂದು ಕಂಬಳಿ ಮಾರಿ, ಬಸ್ಸು ಬರುವ ತನಕ ಖಾನಾವಳಿಯಲ್ಲಿ ಕೂರುತ್ತಾಳೆ. ಎಷ್ಟೋ ವರ್ಷದಿಂದ ಪ್ರತಿ ಸಲ ಒಂದೇ ಚಹಾ, ಒಂದೇ ಹಾಡು, ಹಳೇ ಸಿನಿಮಾದ ದೋಣಿ ಹಾಡು. ಬೇರೆ ಮಾತು ನಾವು ಆಡಿದವರಲ್ಲ. ಕಾಗದದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ರೀಡು ಇಲ್ಲದ ಕ್ಲಾರಿನೆಟ್ಟನ್ನೇ ಬಾಯಿಗಿಟ್ಟು ಊದಿದೆ.

ಅವಳು ನಗಲಿಲ್ಲ. ಗಂಟನ್ನು ಕೆಳಗಿಟ್ಟು ಕೊನೆಯ ತನಕ ನನ್ನ ಬೆರಳನ್ನೇ ನೋಡಿದಳು. ಆಮೇಲೆ ನಲ್ಲಿಯ ಹತ್ತಿರ ಬಂದು ಕೈ ತೊಳೆಯುತ್ತಾ ಮೆಲ್ಲಗೆ ಹೇಳಿದಳು.

“ಯಣ್ಣಾ, ನಡುವಿನ ಸಾಲು ನುಂಗಿದಿ.”

ನಿಜ. ಯಾರು ಕೇಳುತ್ತಾರೆ ಎಂದು ಇಷ್ಟು ದಿನ ಆ ಸಾಲು ಬಿಟ್ಟೇ ಊದುತ್ತಿದ್ದೆ. ಮತ್ತೆ ಊದಬೇಕೆಂದು ಕ್ಲಾರಿನೆಟ್ಟು ಎತ್ತಿದೆ. ಅಷ್ಟರಲ್ಲಿ ಬಸ್ಸು ಹಾರನ್ ಹಾಕಿತು, ಅವಳು ಗಂಟು ಹೊತ್ತು ಹೋದಳು. ಕನಕಪ್ಪ ಟೇಬಲ್ಲನ್ನು ಒಳಗೆ ಒಯ್ದ.

ಮುಂದಿನ ಅಮಾವಾಸ್ಯೆ ಇನ್ನೂ ದೂರ ಇದೆ. ದಿನಾ ಆರಕ್ಕೆ ಕೂತು ದೋಣಿ ಹಾಡು ಊದುತ್ತೇನೆ, ನಡುವಿನ ಸಾಲು ಸಮೇತ. ಯಾರೂ ನೋಡುವುದಿಲ್ಲ. ಮೊನ್ನೆ ಆ ಸಾಲು ಊದುವಾಗ, ಹೊರಟಿದ್ದ ದೇವದುರ್ಗದ ಬಸ್ಸು ತಾನಾಗಿ ನಿಂತುಬಿಟ್ಟಿತು. ಡ್ರೈವರ್ ಪಂಕ್ಚರ್ ಎಂದ. ಅವನಿಗೇನು ಗೊತ್ತು, ಅವನು ಆ ಕುದುರೆಯನ್ನು ನೋಡಿದವನಲ್ಲ.