ಹರಕೆಯ ಸಿನಿಮಾ

ಒಂದಾನೊಂದು ಕಾಲದಲ್ಲಿ, ದೇವರುಗಳಿಗೂ ಸಿನಿಮಾ ನೋಡುವ ಹುಚ್ಚು ಹಿಡಿದಿದ್ದ ಒಂದು ಕಡಲೂರಿನಲ್ಲಿ, ಸಿಂಪಿ ಬಿಡಿಸಿ ಬದುಕುವ ಹೆಂಗಸೊಬ್ಬಳು ಊರು ಕಾಯುವ ದೊರೆದೇವರಿಗೆ ಒಂದು ಸಿನಿಮಾ ಹರಕೆ ಹೊತ್ತಳು. ಹೊತ್ತವಳು ತೀರಿಸಲಿಲ್ಲ. ದೇವರೂ ಬಿಡಲಿಲ್ಲ. ಇಬ್ಬರೂ ಹಟ ಹಿಡಿದು ಕೂತಿದ್ದ ಹಾಗೆಯೇ ಅವಳಿಗೆ ಮುಪ್ಪು ಬಂತು, ಮುಪ್ಪಿನ ಹಿಂದೆ ಸಾವೂ ಬಂತು.

ಈಗ ಅವಳ ಮಗಳು ಲೇಹ್ವಾ, ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಸೆಣಬಿನ ಮುಸುಕು ಎಳೆದುಕೊಂಡು ಬೀದಿಯ ತುದಿಯಿಂದ ತವರಿನ ಬಾಗಿಲ ಕಡೆಗೆ ಮೊಣಕಾಲಿನ ಮೇಲೆ ತೆವಳುತ್ತಿದ್ದಳು. ತಾಯಿಯ ಕೊನೆಯುಸಿರಿಗೆ ಒದಗದ ಮಗಳು ಹಾಗೆಯೇ ಬರಬೇಕು, ಅಳುತ್ತ ಬರಬೇಕು. ದಾರಿಯ ತುಂಬ ಸಿಂಪಿಯ ಚೂರು. ಮೊಣಕಾಲಿಗೆ ಚುಚ್ಚಿದಾಗಲೆಲ್ಲ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಳು ಮಾತ್ರ ಬರುತ್ತಿರಲಿಲ್ಲ.

"ಬಾಯಿ ಬಿಡೇ," ಎಂದಳು ಪಕ್ಕದ ಮನೆಯ ಚುನ್ ಚಿಕ್ಕಮ್ಮ, ಜೊತೆಜೊತೆಗೆ ನಡೆಯುತ್ತ. "ಅಮ್ಮಾ ಅಂತ ಒಂದು ಸಲ ಕೂಗು. ಅಳೋಕೂ ಬಾಡಿಗೆಯವರನ್ನ ಕರೆಸ್ಬೇಕಾ ನಿಂಗೆ?"

"ಸುಮ್ಮನಿರಿ ಚಿಕ್ಕಮ್ಮ," ಎಂದ ತಮ್ಮ ಬೆಂಗ್‌ಹೋ. "ಬಂದಳಲ್ಲ, ಅಷ್ಟು ಸಾಕು." ಆದರೆ ಅವನು ಅಕ್ಕನನ್ನು ಎಬ್ಬಿಸಲು ಕೈ ಚಾಚಲಿಲ್ಲ.

ಲೇಹ್ವಾಳ ಕಣ್ಣು ಹೊಸಿಲ ಮೇಲಿತ್ತು. ಅದನ್ನು ಅವಳು ಹಿಂದೊಮ್ಮೆ ಹೀಗೆಯೇ ನೋಡಿದ್ದಳು, ನಿಂತುಕೊಂಡು.

*

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ತನಗಿಂತ ಬಹಳ ದೊಡ್ಡವನಾದ, ಸಮುದ್ರದಾಚೆಯ ನಾಡಿನಿಂದ ಬಂದಿದ್ದ ಸೈನಿಕನೊಬ್ಬನ ಹಿಂದೆ ಹೋಗಿದ್ದಳು. "ಈ ಹೊಸಿಲು ದಾಟಿದ್ಮೇಲೆ ನಾನು ಬದುಕಿರೋವರೆಗೂ ಇತ್ತ ಬರಬೇಡ," ಎಂದಿದ್ದಳು ತಾಯಿ, ಸಿಂಪಿ ಸೀಳುವ ಚೂರಿಯನ್ನು ಕೈಯಿಂದ ಕೆಳಗಿಡದೆ.

ಗಂಡ ಸತ್ತ ವರ್ಷ ಲೇಹ್ವಾ ಬಂದಳು. ಕತ್ತಲು ಕವಿಯುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ದೂರದಲ್ಲೆಲ್ಲೋ ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳು ಅಳುತ್ತಿದ್ದಳು. ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ. ಅವಳು ಬಡಿದಳು, ಕರೆದಳು, ಮತ್ತೆ ಬಡಿದಳು. ದೀಪ ಅಲುಗಲಿಲ್ಲ. ಒಳಗೆ ಅಮ್ಮ ಆ ದೀಪದ ಕೆಳಗೆ ಕೂತು, ತುಟಿ ಬಿಗಿಹಿಡಿದು, ಬಾಗಿಲನ್ನೇ ನೋಡುತ್ತಿದ್ದಾಳೆಂದು ಲೇಹ್ವಾಳಿಗೆ ಗೋಡೆಯ ಆಚೆಯಿಂದಲೇ ಕಂಡ ಹಾಗಾಯಿತು. ತಂದಿದ್ದ ಕೇಕಿನ ಪೊಟ್ಟಣವನ್ನು ಚಿಲಕಕ್ಕೆ ಕಟ್ಟಿ ಕೊನೆಯ ಬಸ್ಸು ಹಿಡಿದಳು. ಆಮೇಲೆ ಮನೆ ಬದಲಿಸಿದಳು, ಊರು ಬದಲಿಸಿದಳು. ಕಳೆದ ವಾರ ಬೆಂಗ್‌ಹೋನ ಮಗಳು ಅದು ಹೇಗೋ ಹುಡುಕಿ ಫೋನು ಮಾಡುವವರೆಗೆ ತವರಿನ ಹೆಸರೆತ್ತಲಿಲ್ಲ.

*

ಮಗಳು ಬರಲೆಂದು ಶವಪೆಟ್ಟಿಗೆಗೆ ಮೊಳೆ ಹೊಡೆದಿರಲಿಲ್ಲ. ಅದರ ಮುಂದೆ ತಾಯಿಯ ಪಟವಿತ್ತು: ಬೊಂಗ್‌ಚಿ. ಮೂರನೆಯದೂ ಹೆಣ್ಣಾಯಿತಲ್ಲ, ಹೇಗೋ ಸಾಕೋಣ ಎಂದು ಅವಳಪ್ಪ ಇಟ್ಟ ಹೆಸರು, ಅರ್ಥವೂ ಅದೇ. ಆ ಹೆಸರಿಗೆ ಓಗೊಡುತ್ತಲೇ ಅವಳು ಗಂಡನನ್ನು ಕಡಲಿಗೆ ಕೊಟ್ಟು, ಇಬ್ಬರು ಮಕ್ಕಳನ್ನು ಸಾಕಿ, ಬೆರಳ ತುದಿಗಳನ್ನೆಲ್ಲ ಸಿಂಪಿಗೆ ತಿನ್ನಿಸಿದ್ದಳು.

ಬೆಂಗ್‌ಹೋನ ಹೆಂಡತಿ ಕಿಮ್‌ಚು ಲೇಹ್ವಾಳ ಮೊಣಕಾಲಿಗೆ ಬಟ್ಟೆ ಒತ್ತುತ್ತ ಪಿಸುಗುಟ್ಟಿದಳು. "ಅತ್ತಿಗೆ, ಮೊಳೆ ಹೊಡೆಯೋ ಮುಂಚೆ ಹರಕೆ ವಿಷಯ ಇತ್ಯರ್ಥ ಆಗ್ಬೇಕು. ಇಲ್ದಿದ್ರೆ ಅತ್ತೆ ಆ ಭಾರ ಹೊತ್ಕೊಂಡೇ ಹೋಗ್ತಾರೆ."

"ಯಾವ ಹರಕೆ?"

"ನಿಮ್ಮದೇ. ನನ್ನ ಮಗಳು ಹೊಸಿಲ ತನಕ ಬಂದ್ರೆ ನಿನಗೊಂದು ಸಿನಿಮಾ ಹಾಕಿಸ್ತೀನಿ ಅಂತ ದೊರೆ ಹತ್ರ ಬೇಡ್ಕೊಂಡಿದ್ರು. ಅವತ್ತು ನೀವು ಬಂದ್ರಿ."

ಲೇಹ್ವಾ ಬಟ್ಟೆಯನ್ನು ಹಿಡಿದುಕೊಂಡಳು. "ನಾನು ಬಂದಿದ್ದು ಅವಳಿಗೆ ಗೊತ್ತಿತ್ತಾ?"

"ಪೊಟ್ಟಣದ ಗಂಟು," ಎಂದ ಬೆಂಗ್‌ಹೋ. "ಸಿಂಪಿ ಹಗ್ಗಕ್ಕೆ ಹಾಕೋ ಗಂಟು. ನಿನಗೆ ಅಮ್ಮನೇ ಕಲಿಸಿದ್ದಲ್ವಾ? ಅವತ್ತು ಯಾರೋ ತಮ್ಮ ಹರಕೆಗೆ ಸಿನಿಮಾ ಹಾಕಿಸಿದ್ರು. ಊರಿಗೂರೇ ಗುಡಿ ಮುಂದೆ ಕೂತಿತ್ತು. ನಾವೂ ಹಿತ್ತಲಿಂದ ಹೋಗಿದ್ವಿ. ಕಳ್ಳರ ಕಾಟ ಅಂತ ಮುಂಬಾಗಿಲಿಗೆ ಒಳಗಿಂದಲೇ ಅಗುಳಿ ಹಾಕ್ತಿದ್ವಿ. ವಾಪಸ್ ಬಂದು ನೋಡಿದ್ರೆ ಚಿಲಕದಲ್ಲಿ ಪೊಟ್ಟಣ. ಅಮ್ಮ ಬರಿಗಾಲಲ್ಲಿ ಬಸ್ ನಿಲ್ದಾಣಕ್ಕೆ ಓಡಿದಳು."

"ಎಂಥ ಸಿನಿಮಾ ಅದು," ಎಂದಳು ಚುನ್ ಚಿಕ್ಕಮ್ಮ. "ಮನೆ ಬಿಟ್ಟು ಹೋದ ಮಗಳು ಬಂದು ಬಾಗಿಲು ಬಡೀತಾಳೆ. ತಾಯಿ ಅನ್ನದ ಬಟ್ಟಲು ಹಿಡ್ಕೊಂಡು ಒಳಗೇ ಕೂತಿರ್ತಾಳೆ, ಏಳಲ್ಲ. ನಾವೆಲ್ಲ ಅತ್ತಿದ್ದೇ ಅತ್ತಿದ್ದು. ಮಾರನೇ ದಿನ ಕಣ್ಣು ಊದ್ಕೊಂಡು ಒಬ್ಬರಿಗೂ ಚೂರಿ ಹಿಡಿಯೋಕಾಗಲಿಲ್ಲ. ನಿಮ್ಮಮ್ಮ ಒಬ್ಬಳು ಅಳಲಿಲ್ಲ. ಎದ್ದು ನಿಂತು ಪರದೆಗೆ ಬೈದಳು. ಏಳೇ ಮುಂಡೇದೆ, ಬಾಗಿಲು ತೆಗಿಯೇ ಅಂತ. ಹಿಂದಿನವರು ಬಟ್ಟೆಯೆಲ್ಲ ನೆನೆಯೋ ಹಾಗೆ ಅಳ್ತಿದ್ದೋರು ಕೂತ್ಕೋ ಅಂತ ಗದರಿದ್ರು."

"ದೀಪ ಉರೀತಿತ್ತು," ಎಂದಳು ಲೇಹ್ವಾ. "ಕಿಟಕೀಲಿ. ಅದಕ್ಕೇ ನಾನು…"

ಕಿಮ್‌ಚು ತಲೆ ತಗ್ಗಿಸಿದಳು. "ಅದನ್ನ ಅತ್ತೆ ಆರಿಸ್ತಾನೇ ಇರಲಿಲ್ಲ. ನೀವು ಕತ್ತಲಲ್ಲಿ ಬಂದ್ರೆ ಎಡವಬಾರದು ಅಂತ."

ಹೊರಗೆ ವಾದ್ಯದವರು ಸುಮ್ಮನಾಗಿದ್ದರು.

"ದೊರೆ ತನ್ನ ಮಾತು ನಡೆಸಿದ ಅಂತ ಪೂಜಾರಿ ಹೇಳಿದ," ಎಂದ ಬೆಂಗ್‌ಹೋ. "ಅಮ್ಮ ಒಪ್ಪಲಿಲ್ಲ. ಮೋಸ ಮಾಡಿದ, ಮಗಳ ಮುಖ ತೋರಿಸಲಿಲ್ಲ ಅಂದಳು. ಪ್ರತಿ ಹೊಸವರ್ಷಕ್ಕೂ ಊದುಬತ್ತಿ ಹಚ್ಚಿ ಅದೇ ಚೌಕಾಸಿ. ಮುಖ ತೋರಿಸು, ಸಿನಿಮಾ ತಗೋ."

ಸತ್ತವರನ್ನು ಕೇಳುವುದು ಎರಡು ನಾಣ್ಯಗಳಿಂದ. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಒಪ್ಪಿಗೆ. ಬೆಂಗ್‌ಹೋ ಮಂಡಿಯೂರಿದ. "ಅಮ್ಮಾ, ಅಕ್ಕ ಬಂದಿದಾಳೆ. ಹರಕೆ ತೀರಿಸೋಣವಾ?"

ಎರಡೂ ಕೆಳಮುಖ. ಮತ್ತೆ ಎಸೆದ. ಮತ್ತೆ ಹಾಗೆಯೇ.

"ನೋಡು ಅವಳ ಹಟ," ಎಂದಳು ಚುನ್ ಚಿಕ್ಕಮ್ಮ. "ಪೆಟ್ಟಿಗೆಯೊಳಗಿಂದಲೂ ಚೌಕಾಸಿ."

"ಬಾಯಲ್ಲಿ ಕೇಳಿದ್ರೆ ಏನು ಬಂತು?" ಎಂದಳು ಕಿಮ್‌ಚು. "ಅವರಿಗೆ ಬೇಕಾಗಿದ್ದು ಮುಖ."

ಲೇಹ್ವಾ ಎದ್ದಳು. ಅಂತ್ಯಕ್ರಿಯೆಗೆ ಬಂದಿದ್ದ ಪುರೋಹಿತ ಅವಳ ತೋಳು ಹಿಡಿದ. "ಕಣ್ಣೀರು ಮಾತ್ರ ಮೈಮೇಲೆ ಬೀಳಬಾರದಮ್ಮ. ಒಂದು ಹನಿ ಬಿದ್ರೂ ಜೀವ ಇಲ್ಲೇ ಸಿಕ್ಕಿಕೊಳ್ಳುತ್ತೆ."

ಬೀದಿಯುದ್ದಕ್ಕೂ ಬಾರದ ಅಳು ಈಗ ಬಂತು. ಅವಳು ಮುಸುಕಿನ ಅಂಚಿನಿಂದ ಕಣ್ಣೊರೆಸಿಕೊಂಡು, ಅದನ್ನು ಹಿಂದಕ್ಕೆ ಸರಿಸಿ, ಪೆಟ್ಟಿಗೆಯ ಮೇಲೆ ಬಾಗಿದಳು. ತಾಯಿ ಎಳೆ ಹುಡುಗಿಯಷ್ಟು ಚಿಕ್ಕವಳಾಗಿದ್ದಳು. ನರೆತ ತಲೆಯ, ಕೆನ್ನೆ ಒಳಸೇರಿದ ತನ್ನ ಮುಖವನ್ನು ಲೇಹ್ವಾ ಆ ಮುಚ್ಚಿದ ಕಣ್ಣುಗಳ ಎದುರಿಗೆ, ಕನ್ನಡಿಗೆ ಹಿಡಿಯುವಂತೆ, ಕದಲದೆ ಹಿಡಿದಳು.

ಹಿಂದೆ ನೆಲದ ಮೇಲೆ ನಾಣ್ಯಗಳು ಉರುಳಿದವು. ಒಂದು ಮೇಲ್ಮುಖ, ಒಂದು ಕೆಳಮುಖ.

*

ಮಣ್ಣು ಮಾಡಿ ಬಂದ ಸಂಜೆಯೇ ಟಾನ್ ತನ್ನ ಪುಟ್ಟ ಲಾರಿಯಲ್ಲಿ ಯಂತ್ರ ತಂದ. ಹರಕೆಯ ಸಿನಿಮಾಗಳನ್ನು ಊರೂರಿಗೆ ಹೊತ್ತು ಮುದುಕನಾದವನು ಅವನು.

"ಅದೇ ಸಿನಿಮಾ ಇದೆ," ಎಂದ. "ಆದ್ರೆ ರೀಲು ಹುಳಿ ವಾಸನೆ ಹೊಡೀತಿದೆ. ಬಣ್ಣವೆಲ್ಲ ಹೋಗಿ ಬರೀ ಕೆಂಪು ಉಳಿದಿದೆ. ದೊರೆಗೆ ಕೆಂಪು ಅಂದ್ರೆ ಇಷ್ಟ, ಬಿಡಿ."

ಗುಡಿಯ ಅಂಗಳದ ಅಂಚಿನಲ್ಲಿ ಬಿದಿರು ನೆಟ್ಟು, ದೇವರ ಬಾಗಿಲಿಗೆ ಮುಖ ಮಾಡಿ ಬಿಳಿ ಪರದೆ ಕಟ್ಟಿದ. ನಡುವೆ ಖಾಲಿ ಕುರ್ಚಿಗಳ ಸಾಲು, ದೊರೆಯ ಪರಿವಾರಕ್ಕೆ. ಸೂತಕದವರು ಅಂಗಳ ಮೆಟ್ಟುವಂತಿಲ್ಲ. ಲೇಹ್ವಾ ಪರದೆಯ ಹಿಂದೆ, ರಸ್ತೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಹೆಣದ ಜೊತೆ ಹೋಗಿಬಂದಿದ್ದ ಚುನ್ ಚಿಕ್ಕಮ್ಮ ಮತ್ತು ಕಿಮ್‌ಚು ಅವಳ ಆಚೀಚೆ ಕೂತರು.

ಬಟ್ಟೆಯ ಈ ಬದಿಗೆ ಎಲ್ಲವೂ ತಿರುವುಮುರುವಾಗಿ ಕಾಣುತ್ತಿತ್ತು. ಎಡಗೈಯಲ್ಲಿ ಉಣ್ಣುವ ಕೆಂಪು ಜನ, ಕೆಂಪು ಅನ್ನ, ಕೆಂಪು ಬಾಗಿಲು.

"ಆ ತಾಯೀನ ನೋಡೇ," ಎಂದಳು ಚುನ್ ಚಿಕ್ಕಮ್ಮ ಮೆಲ್ಲಗೆ. "ಎಷ್ಟು ಸಣ್ಣವಳು. ಆಗ ಮುದುಕಿ ಹಾಗೆ ಕಂಡಿದ್ದಳು. ಈಗ ನೋಡಿದ್ರೆ ನನ್ನ ಸೊಸೆ ವಯಸ್ಸು."

ಮಗಳು ಬಾಗಿಲು ಬಡಿದಳು. ತಾಯಿ ಬಟ್ಟಲು ಹಿಡಿದು ಕೂತೇ ಇದ್ದಳು. ಈ ಸಲ ಯಾರೂ ಅಳಲಿಲ್ಲ. ಕಿಮ್‌ಚು ಪರದೆ ನೋಡುವುದನ್ನು ಬಿಟ್ಟು ಅತ್ತಿಗೆಯನ್ನು ನೋಡಿದಳು. ಲೇಹ್ವಾಳ ತುಟಿ ಅಲುಗಿತು.

"ಏಳೇ," ಎಂದಳು, ತನಗಷ್ಟೇ ಕೇಳುವಷ್ಟು. "ಏಳೇ ಮುಂಡೇದೆ."

ತಾಯಿ ಏಳಲಿಲ್ಲ. ಮಗಳ ಹೆಜ್ಜೆ ದೂರವಾಯಿತು. ರೀಲು ಮುಗಿದು ಬಾಲ ಪಟಪಟನೆ ಬಡಿದುಕೊಂಡಿತು. ಟಾನ್ ಯಂತ್ರ ನಿಲ್ಲಿಸಿ, ಗುಡಿಯ ಕಡೆ ತಿರುಗಿ ಕೈಮುಗಿದು, ಬೊಂಗ್‌ಚಿಯ ಹೆಸರು ಹೇಳಿ, ಹರಕೆ ಸಂದಿತು ಎಂದು ಕೂಗಿದ. ಹಗ್ಗ ಬಿಚ್ಚಿದ.

ಪರದೆ ಜಾರಿ ನೆಲಕ್ಕೆ ಬಿತ್ತು. ಅದರಾಚೆ, ಖಾಲಿ ಕುರ್ಚಿಗಳ ಸಾಲಿನ ಕೊನೆಯಲ್ಲಿ, ಗುಡಿಯ ಬಾಗಿಲು ಎರಡೂ ರೆಕ್ಕೆ ತೆರೆದುಕೊಂಡು ನೇರ ಅವಳ ಎದುರಿಗಿತ್ತು. ಒಳಗೆ ದೀಪ ಉರಿಯುತ್ತಿತ್ತು. ಸೂತಕದ ಲೇಹ್ವಾ ಎದ್ದು ರಸ್ತೆಯಲ್ಲೇ ನಿಂತಳು.