ಸ್ಪ್ರಿಂಗ್ ಬಿಟ್ಟು ಗಾಳಿ ಹಿಡಿದ ಏಕಾಂತಪ್ಪ

ಏಕಾಂತಪ್ಪನಿಗೆ ಲಕ್ವ ಹೊಡೆದಾಗ ಹಗರಿಬೊಮ್ಮನಹಳ್ಳಿಯ ಜನ ನಾಲ್ಕು ದಿನ ಅಯ್ಯೋ ಅಂದರು, ಆಮೇಲೆ ಮರೆತರು. ಊರಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಸತ್ತವರನ್ನೇ ನೆನಪಿಟ್ಟುಕೊಳ್ಳದ ಊರು, ಮೂಲೆ ಹಿಡಿದವನನ್ನು ಎಷ್ಟು ದಿನ ನೆನೆದೀತು? ಮರೆಯದೆ ಉಳಿದವನು ರೈಲ್ವೆ ಗೇಟಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಹಸನ್ ಸಾಬ್ ಒಬ್ಬನೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಮಾಸ್ತರರ ಕೈಲಿ ಕಿವಿ ಹಿಂಡಿಸಿಕೊಂಡವರು. ಏಕಾಂತಪ್ಪ ಶೇಂಗಾ ದಲಾಲಿಯಾದ, ಹಸನ್ ಸಾಬ್ ಕಬ್ಬಿಣಕ್ಕೆ ಬೆಸುಗೆ ಹಾಕುವವನಾದ. ಗೆಳೆತನ ಮಾತ್ರ ಬೆಂಚಿನ ಮೇಲಿದ್ದ ಹಾಗೆಯೇ ಉಳಿದಿತ್ತು.

ಏಕಾಂತಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ಏರ್‌ಗನ್ನು. ಪ್ರತಿ ವಿಜಯದಶಮಿಯ ಸಂಜೆ, ಬನ್ನಿ ಕೊಡಲು ಜನ ಹೊರಡುವ ಮುಂಚೆ, ಮುಚ್ಚಿಹೋದ ಹತ್ತಿ ಜಿನ್ನಿನ ಅಂಗಳದಲ್ಲಿ ಬೇವಿನ ಟೊಂಗೆಗೆ ದಾರ ಕಟ್ಟಿ ನಿಂಬೆಹಣ್ಣು ಇಳಿಬಿಡುತ್ತಿದ್ದರು. ಏರ್‌ಗನ್ನು ಇದ್ದ ವ್ಯಾಪಾರಸ್ಥರೆಲ್ಲ ಅಲ್ಲಿ ಸೇರಿ ಗುರಿ ಹೊಡೆಯುತ್ತಿದ್ದರು. ಗೆದ್ದವನಿಗೆ ತಲೆಗೆ ಸುತ್ತುವ ಒಂದು ಪಟಕ, ಜೊತೆಗೆ ವರ್ಷವಿಡೀ ಮೀಸೆ ತಿರುವುವ ಹಕ್ಕು. ನಿಯಮವೂ ಒಂದೇ: ತನ್ನ ಬಂದೂಕು, ತನ್ನ ಕೈ. ಬೇರೆಯವರು ಮುಟ್ಟುವಂತಿಲ್ಲ. ಏಕಾಂತಪ್ಪನ ಟ್ರಂಕಿನಲ್ಲಿ ಪಟಕಗಳಿಗೆ ಜಾಗ ಸಾಲದೆ ನಾಗಲಿಂಗಮ್ಮ ಎರಡನ್ನು ಕಿಟಕಿಗೆ ಪರದೆ ಮಾಡಿದ್ದಳು, ಅದಕ್ಕೆ ಗಂಡನ ಕೈಲಿ ಬೈಸಿಕೊಂಡೂ ಇದ್ದಳು.

ಅವನದು ಸ್ಪ್ರಿಂಗಿನ ಬಂದೂಕು. ನಳಿಕೆಯನ್ನು ಹಿಡಿದು ಮುರಿದಂತೆ ಕೆಳಕ್ಕೆ ಎಳೆದರೆ ಒಳಗಿನ ಸ್ಪ್ರಿಂಗು ಅಮುಕಿ ಕೂರುತ್ತದೆ. ಬೆರಳಿನಿಂದ ಬಂದೂಕಿನ ಕುದುರೆ ಎಳೆದಾಗ ಅದು ಚಿಮ್ಮಿ ಗಾಳಿಯನ್ನು ತಳ್ಳುತ್ತದೆ. ಎಳೆಯಲು ರಟ್ಟೆ ಗಟ್ಟಿ ಬೇಕು. ಲಕ್ವ ಏಕಾಂತಪ್ಪನ ಎಡಗೈಯನ್ನು ತಿಂದಿತ್ತು. ನಳಿಕೆಯ ಕೆಳಗೆ ಆನಿಕೆಯಾಗಿ ನಿಲ್ಲುವಷ್ಟು ಶಕ್ತಿ ತಿರುಗಿ ಬಂತು, ಹಿಡಿಯುವಷ್ಟು ಬರಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಹಿತ್ತಲಲ್ಲಿ ಕೂತು, ತೊಡೆಗೆ ಒತ್ತಿಕೊಂಡು ಒಂಟಿ ಕೈಲಿ ಎಳೆದ. ಅರ್ಧಕ್ಕೆ ಜಾರಿದ ನಳಿಕೆ ತಿರುಗಿ ಬಂದು ದವಡೆಗೆ ಬಡಿಯಿತು. ಅಂದಿನಿಂದ ಮಂಚ ಹಿಡಿದವನು ಗೋಡೆಯ ಕಡೆ ಮುಖ ಮಾಡಿಬಿಟ್ಟ.

ನಾಗಲಿಂಗಮ್ಮ ಅಂಗಡಿಗೆ ಬಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಸನಣ್ಣ, ಮಾತಿಲ್ಲ ಕತಿಯಿಲ್ಲ. ಗ್ವಾಡಿ ನೋಡ್ಕೊಂಡ ಮಲ್ಕಂಡಾರ. ನೀನರ ಒಂದೀಟು ಹೇಳು. ಹಿಂಗs ಆದ್ರ ಅವ್ರು ಉಳಿಯಂಗಿಲ್ಲ."

ಹಸನ್ ಸಾಬನಿಗೂ ಅದೇ ಭಯವಿತ್ತು. ರೋಗಕ್ಕಿಂತ ಮುಂಚೆ ಸಂಕಟವೇ ಗೆಳೆಯನನ್ನು ಒಯ್ದೀತು ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಇಲ್ಲಿ ವಿಚಾರಿಸಿದಾಗ ಹರಪನಹಳ್ಳಿಯಲ್ಲಿ ಪ್ರವೀಣಕುಮಾರ್ ಎಂಬ ಹುಡುಗ, ಶೂಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಿದ್ದವನು, ತನ್ನ ಬಂದೂಕು ಮಾರುತ್ತಾನೆಂದು ತಿಳಿಯಿತು. ಅದು ಸ್ಪ್ರಿಂಗಿನದಲ್ಲ, ಮೊದಲೇ ಗಾಳಿ ತುಂಬಿಡುವ ಬಂದೂಕು, ಎಳೆಯುವ ಕಷ್ಟವಿಲ್ಲ. ಬರುವುದಿಲ್ಲವೆಂದು ಹಟ ಹಿಡಿದ ಏಕಾಂತಪ್ಪನನ್ನು ಹಸನ್ ಸಾಬ್ ಮಗುವನ್ನು ಎತ್ತಿದ ಹಾಗೆ ಎತ್ತಿ ಬಸ್ಸು ಹತ್ತಿಸಿದ.

ಪ್ರವೀಣಕುಮಾರ್ ಎರಡೂ ಬಗೆಯ ಬಂದೂಕುಗಳನ್ನು ಮೇಜಿನ ಮೇಲಿಟ್ಟು ಪಾಠ ಹೇಳಿದ.

"ನೋಡಿ ಸಾರ್, ಸ್ಪ್ರಿಂಗಿಂದು ಯಾರ ಹಂಗೂ ಬೇಡ ಅನ್ನುತ್ತೆ. ಎಳೆದ್ರಿ, ಹೊಡೆದ್ರಿ. ಆದ್ರೆ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಇದು ಒದೆಯೋದೇ ಇಲ್ಲ. ನಳಿಕೆ ಕೆಳಗಿನ ಈ ಸಿಲಿಂಡರಿಗೆ ಗಾಳಿ ತುಂಬಿಟ್ರೆ ಸಣ್ಣ ಹುಡುಗ್ರೂ ಹೊಡೀಬಹುದು. ಆದ್ರೆ ಗಾಳಿ ಮುಗೀತು ಅಂದ್ರೆ ಬರೀ ಕೋಲು. ಮತ್ತೆ, ಗಾಳಿ ಬಿಟ್ಟು ಬೇರೆ ಏನೂ ತುಂಬಬಾರ್ದು."

ಏಕಾಂತಪ್ಪ ತನ್ನ ಹಳೆಯದರಂಥ ಸ್ಪ್ರಿಂಗ್ ಬಂದೂಕನ್ನೇ ಸವರುತ್ತ ಕೂತ. "ಒದೀಲಿ ಬಿಡಪ್ಪ. ಒದ್ರೂ ಅದು ನಮ್ದು. ಯಾವಾಗ ಒದಿತೈತಿ ಅಂತ ಗೊತ್ತೈತಿ. ಇದು ಪರರ ಗಾಳಿ ನುಂಗಿ ಬದುಕೋದು. ಇಂಥಾದ್ದು ನನಗ ಯಾಕ?"

"ಲೇ ಏಕಾಂತ, ಸುಮ್ಕ ಒಂದು ಹೊಡೆದು ನೋಡಲೇ," ಎಂದ ಹಸನ್ ಸಾಬ್.

ಹೊಡೆದ. ಸೊರಗಿದ ಎಡಗೈಯ ಮೇಲೆ ನಳಿಕೆ ಅಲುಗದೆ ಮಲಗಿತ್ತು. ದೂರದಲ್ಲಿಟ್ಟ ಸೋಡಾ ಬಾಟಲಿಯ ಮುಚ್ಚಳ ಟಿಣ್ ಎಂದು ಹಾರಿತು. ಏಕಾಂತಪ್ಪ ತಿರುಗಿ ನೋಡಿ ನಕ್ಕ. ಬಾಯಿಯ ಒಂದು ಪಕ್ಕ ಮಾತ್ರ ನಗುವ ನಗು, ಆದರೂ ನಗು. ಈ ನಗುವಿಗಾಗಿ ಹಸನ್ ಸಾಬ್ ಏನು ಬೇಕಾದರೂ ಮಾಡಲು ತಯಾರಿದ್ದ, ಮಾಡಿದ ಕೂಡ. ಬಂದೂಕು ಮನೆಗೆ ಬಂತು.

ಮನೆಗೆ ಬಂದ ಮೇಲೆ ಹೊಸ ತಾಪತ್ರಯ. ಜೊತೆಗೆ ಕೊಟ್ಟ ಕೈಪಂಪು ಎರಡು ಕೈಯವರಿಗೇ ಭಾರ. ದಿನಾ ಬೆಳಿಗ್ಗೆ ಹಸನ್ ಸಾಬ್ ಬಂದು, ಬನಿಯನ್ನು ತೊಯ್ಯುವ ತನಕ ಪಂಪು ಒತ್ತುವುದು, ಏಕಾಂತಪ್ಪ ಹೊಡೆಯುವುದು. ಒಂದು ವಾರ ಸುಮ್ಮನಿದ್ದ ಏಕಾಂತಪ್ಪ ಒಂದು ದಿನ ಬಂದೂಕನ್ನು ಮಂಚದ ಮೇಲೆ ಒಗೆದ.

"ಇದು ನನ್ನ ಗುರಿ ಅಲ್ಲಲೇ ಹಸನ್ಯಾ, ನಿನ್ನ ಬೆವರು. ತನ್ನ ಬಂದೂಕು ತನ್ನ ಕೈ ಅಂದಾರ. ನಿನ್ನ ಗಾಳೀಲೆ ಗೆದ್ದು ಪಟಕ ಸುತ್ಗಂಡ್ರ ಮಂದಿ ಏನಂತಾರ? ಬ್ಯಾಡ. ಒಯ್ದು ಮಾರಿಬಿಡು."

ಮತ್ತೆ ಗೋಡೆಯ ಕಡೆ ತಿರುಗುತ್ತಾನೆಂದು ಹಸನ್ ಸಾಬ್ ಹೆದರಿದ. ಒಂಟಿ ಕೈಯವನು ತಾನೇ ತುಂಬಿಕೊಳ್ಳುವ ಉಪಾಯ ಬೇಕು. ಪಂಚರ್ ಅಂಗಡಿಯ ಗಾಳಿಗೆ ಲಾರಿ ಟೈರು ಉಬ್ಬೀತೇ ಹೊರತು ಈ ಬಂದೂಕು ಆಕಳಿಸುವುದೂ ಇಲ್ಲ. ಯೋಚಿಸುತ್ತ ಅಂಗಡಿಗೆ ಬಂದು ಕೂತವನ ಕಣ್ಣೆದುರೇ ಇತ್ತು ಆಕ್ಸಿಜನ್ ಸಿಲಿಂಡರು. ಎಷ್ಟು ಒತ್ತಡ ಬೇಕೋ ಅಷ್ಟು ಅದರಲ್ಲಿತ್ತು. ಕೀಲಿ ತಿರುಗಿಸಿದರೆ ಸಾಕು, ಒಂದು ಕೈಯೇ ಹೆಚ್ಚು. ಗಾಳಿ ಬಿಟ್ಟು ಬೇರೆ ಬೇಡ ಅಂದಿದ್ದ ಹುಡುಗ. ಆಕ್ಸಿಜನ್ನು ಗಾಳಿಯಲ್ಲದೆ ಮತ್ತೇನು? ನಾವು ಉಸಿರಾಡುವುದೂ ಅದನ್ನೇ ಅಲ್ಲವೇ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಸಿಲಿಂಡರಿನಿಂದ ಬಂದೂಕಿಗೆ ಹಿತ್ತಾಳೆಯ ಒಂದು ಜೋಡಣೆ ತಯಾರಿಸಿದ.

ಮೊದಲ ಸಲ ಅವನು ಹೆದರುತ್ತಲೇ ತುಂಬಿದ. ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಆಮೇಲೆ ಭಯವೂ ಹೋಯಿತು. ಏಕಾಂತಪ್ಪ ಆಟೋದಲ್ಲಿ ಬಂದು, ಸ್ಟೂಲಿನ ಮೇಲೆ ಕೂತು, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಕೀಲಿ ತಿರುಗಿಸುತ್ತಿದ್ದ. "ನೋಡಲೇ, ನನ್ನ ಕೈ!" ಎನ್ನುತ್ತಿದ್ದ. ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಾನೆಂದು ನಾಗಲಿಂಗಮ್ಮ ಶೇಂಗಾ ಹೋಳಿಗೆ ಮಾಡಿ ಅಂಗಡಿಗೆ ಕಳಿಸಿದಳು.

ವೆಲ್ಡಿಂಗ್ ಮಾಡುವವರಿಗೆಲ್ಲ ಗೊತ್ತಿರುವ ಒಂದು ಮಾತಿದೆ: ಆಕ್ಸಿಜನ್ನಿಗೆ ಎಣ್ಣೆ ತಾಗಬಾರದು, ತಾಗಿದರೆ ಬೆಂಕಿ ಹಚ್ಚುವವರು ಬೇಕಿಲ್ಲ. ಹಸನ್ ಸಾಬ್ ಕೈಗೆ ಸಾಬೂನು ಹಚ್ಚಿ ತೊಳೆಯದೆ ಸಿಲಿಂಡರಿನ ಬಾಯಿ ಮುಟ್ಟಿದವನಲ್ಲ. ಅದು ಅವನಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ರೂಢಿಯಾದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನೂ ಹೇಳಲಿಲ್ಲ.

ಆಯುಧ ಪೂಜೆ ಬಂತು. ನಮ್ಮ ಕಡೆ ಅಂದು ಕುಡುಗೋಲಿನಿಂದ ಹಿಡಿದು ಲಾರಿಯ ತನಕ ಎಲ್ಲಕ್ಕೂ ಎಣ್ಣೆ, ವಿಭೂತಿ, ಕುಂಕುಮ, ಹೂವು. ಹಸನ್ ಸಾಬನ ಅಂಗಡಿಯ ಹುಡುಗರೂ ಡ್ರಿಲ್ಲಿಗೆ ಚೆಂಡುಹೂವು ಕಟ್ಟಿದರು. ಹಳೆಯ ಬಂದೂಕಿಗೆ ಏಕಾಂತಪ್ಪ ಪ್ರತಿ ವರ್ಷ ಅಂದು ಒಳಗಿನ ಚರ್ಮದ ವಾಷರಿಗೆ ತಾನೇ ಎಣ್ಣೆ ಬಿಡುತ್ತಿದ್ದ. ಸ್ಪ್ರಿಂಗಿನ ಬಂದೂಕಿಗೆ ಅದು ಬೇಕಾದದ್ದೇ. ಈ ವರ್ಷ ಒಂಟಿ ಕೈಲಿ ಅವನಿಂದ ಆಗದೆಂದು ನಾಗಲಿಂಗಮ್ಮ ಹೊಸ ಬಂದೂಕನ್ನು ಮಡಿಲಿಗೆ ಎತ್ತಿಕೊಂಡಳು. ಗಂಡನನ್ನು ಮಂಚದಿಂದ ಎಬ್ಬಿಸಿದ ಬಂದೂಕು ಅದು, ಅವಳ ಪಾಲಿಗೆ ದೇವರೇ. ಕೊಬ್ಬರಿ ಎಣ್ಣೆಯಲ್ಲಿ ಬತ್ತಿ ಅದ್ದಿ ಸಂದುಸಂದಿಗೂ ಸವರಿದಳು. ಗಾಳಿ ತುಂಬುವ ಬಾಯಿ ಒಣಗಿದಂತೆ ಕಂಡು ಅಲ್ಲಿಗೂ ನಾಲ್ಕು ಹನಿ ಬಿಟ್ಟಳು.

ಮರುದಿನ ಮಧ್ಯಾಹ್ನ ಏಕಾಂತಪ್ಪ ಹೊಸ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಆಟೋದಿಂದ ಇಳಿದ. ಬಂದೂಕು ಫಳಫಳ ಹೊಳೆಯುತ್ತಿತ್ತು, ನಳಿಕೆಗೆ ಸೇವಂತಿಗೆ ಸುತ್ತಿತ್ತು.

"ಏನಲೇ, ಮದುವಿ ಗಂಡಿನಂಗ ಸಿಂಗಾರ ಮಾಡೀಯಲ್ಲೋ," ಎಂದ ಹಸನ್ ಸಾಬ್. ಹೊಳಪು ಕಂಡ. ಹಿಡಿಯ ಕಟ್ಟಿಗೆಗಷ್ಟೇ ಎಣ್ಣೆ ಸವರಿದ್ದಾರೆ ಎಂದುಕೊಂಡ. ಜೋಡಣೆಯನ್ನು ಬಿಗಿದ.

"ಸರಿ ಅತ್ಲಾಗ, ನಾ ತಿರುವತೀನಿ. ಇವತ್ತು ನನ್ನ ಕೈ," ಎಂದು ಏಕಾಂತಪ್ಪ ಕೀಲಿ ತಿರುಗಿಸಿದ.

ಬೆಳಕು ಮೊದಲು ಬಂತೋ ಸದ್ದು ಮೊದಲು ಬಂತೋ ಹಸನ್ ಸಾಬನಿಗೆ ಗೊತ್ತಾಗಲಿಲ್ಲ. ತಗಡಿನ ಚಾವಣಿ ನಡುಗಿತು. ಅವನು ಕಣ್ಣು ಬಿಟ್ಟಾಗ ಸ್ಟೂಲು ಮಗುಚಿತ್ತು, ಏಕಾಂತಪ್ಪ ನೆಲದಲ್ಲಿದ್ದ, ಕೊರಳಿನ ಹತ್ತಿರ ಹೊಸ ಅಂಗಿ ಕೆಂಪಾಗುತ್ತಿತ್ತು. ಕಿವುಡಾದ ಕಿವಿಯಲ್ಲೇ ಹಸನ್ ಸಾಬ್ ಸಿಲಿಂಡರಿನ ಕೀಲಿ ಮುಚ್ಚಿದ. ಯಾರದೋ ಜೀಪು ಬಂತು. ಹೊಸಪೇಟೆಯ ದಾರಿಯಲ್ಲಿ, ಮರಿಯಮ್ಮನಹಳ್ಳಿ ದಾಟುವ ಮುಂಚೆ, ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಏಕಾಂತಪ್ಪ ಹೋಗಿಬಿಟ್ಟ. ಏನಾದರೂ ಹೇಳಿದ್ದರೂ ಹಸನ್ ಸಾಬನ ಕಿವಿಗೆ ಬೀಳುತ್ತಿರಲಿಲ್ಲ.

ಮಣ್ಣಿಗಿಡುವ ದಿನ ಜನ ತಲೆಗೊಂದು ಮಾತಾಡಿದರು. ಕೊಟ್ಟೂರಿನಿಂದ ಬಂದಿದ್ದ ಒಬ್ಬ ವೆಲ್ಡರ್, ತನಗೆ ತಿಳಿದದ್ದನ್ನು ಹೇಳದಿದ್ದರೆ ಹೊಟ್ಟೆಯುಬ್ಬುವ ಜಾತಿಯವನು, "ಗನ್ನಿಗೆ ಯಾರೋ ಎಣ್ಣಿ ಬಿಟ್ಟಾರ, ಅದಕ್ಕs ಹಿಂಗಾಗೈತಿ," ಅಂದ. ಆ ಮಾತು ಗಂಡಸರ ಗುಂಪಿನಿಂದ ಹೆಂಗಸರ ಗುಂಪಿಗೆ ದಾಟಿ, ನಾಗಲಿಂಗಮ್ಮ ಕೂತಲ್ಲಿಗೇ ಹೋಗಿ ಮುಟ್ಟಿತು.

ಹಸನ್ ಸಾಬ್ ಅಂಗಡಿಯ ಬಾಗಿಲು ತೆರೆಯಲಿಲ್ಲ. ಪೊಲೀಸರು ಕೇಳಿದ್ದಕ್ಕೆಲ್ಲ ಹೂಂ ಅಂದ. ಆ ಮನೆಗೆ ಹೋಗಲು ಮುಖವಿರಲಿಲ್ಲ. ಕೊನೆಗೆ ಹೆಂಡತಿ ಅಮೀರ್ ಬೀ ಹೋಗಿ ನೋಡಿ ಬಂದು ಹೇಳಿದಳು: "ನಾಗಕ್ಕ ಕೂಳು ಮುಟ್ಟವಲ್ಲಳು. ಬಂದೋರಿಗೆಲ್ಲ ಒಂದs ಕೇಳ್ತಾಳ, ಎಣ್ಣಿ ಹಾಕಿದ್ದು ತಪ್ಪಾತೇನು ಅಂತ. ಯಾರೂ ಬಾಯಿ ಬಿಡವಲ್ರು. ಹಿಂಗಾದ್ರ ಆಕಿನೂ ಹೋಗ್ತಾಳ."

ಆಗ ಹೊರಟ. ನಾಗಲಿಂಗಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ಗುಳಿಬಿದ್ದಿದ್ದವು. ಹಸನ್ ಸಾಬ್ ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತ.

"ಹಸನಣ್ಣ, ನೀನು ಸುಳ್ಳು ಹೇಳೋನಲ್ಲ," ಎಂದಳು. "ಪೂಜಿ ದಿನ ಎಣ್ಣಿ ಹಾಕಿದಾಕಿ ನಾನು. ಬತ್ತೀಲೆ ಹಾಕಿದೆ, ಬಾಯಾಗೂ ಬಿಟ್ಟೆ. ಅವ್ರು ನೋಡಿ ನಕ್ಕಿದ್ರು. ನನ್ನ ಗಂಡನ್ನ ನಾನs ಕೊಂದ್ನೇನೋ ಅಣ್ಣಾ?"

ಎಣ್ಣೆ ಎಲ್ಲಿಂದ ಬಂತೆಂದು ಹಸನ್ ಸಾಬನಿಗೆ ಆಗಲೇ ಖಚಿತವಾದದ್ದು. ಕಣ್ಣೆದುರು ಆ ಹೊಳಪು ಬಂದು ನಿಂತಿತು. ಒಂದು ಮಾತು, ಒಂದೇ ಮಾತು ಮೊದಲೇ ಈಕೆಗೆ ಹೇಳಿದ್ದರೆ ಗೆಳೆಯ ಇಂದು ಪಟಕ ಸುತ್ತಿಕೊಂಡು ಮೀಸೆ ತಿರುವುತ್ತಿದ್ದ.

"ಇಲ್ರಕ್ಕಾ," ಅಂದ. "ಎಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ಬಂದೂಕಿಗೆ ಎಣ್ಣಿ ಹಾಕಲಾರದ ಮನಿ ಯಾವುದೈತಿ? ತುಂಬಬಾರದ ಗಾಳಿ ತುಂಬಿದೋನು ನಾನು. ಕೀಲಿ ತಿರುವಿದೋನೂ ನಾನs. ಅವಸರದಾಗ ಒಮ್ಮೆಲೆ ತಿರುವಿಬಿಟ್ಟೆ."

"ನೀನು ತಿರುವಿದ್ಯಾ?"

"ಹೂನ್ರಿ. ಅವ ಮುಟ್ಟಿರಲಿಲ್ಲ."

ನಾಗಲಿಂಗಮ್ಮನ ಮುಖದ ಬಿಗಿ ಮೆಲ್ಲಗೆ ಸಡಿಲಿತು. ಅದರ ಜಾಗಕ್ಕೆ ಬೇರೇನೋ ಬಂತು, ಅವನು ಆ ಮುಖದಲ್ಲಿ ಎಂದೂ ಕಾಣದ್ದು.

"ಹಂಗಾರ ಏಳು," ಎಂದಳು. "ನನ್ನ ಹೊಸ್ತಿಲ ಬಿಟ್ಟು ಏಳು. ಇನ್ನ ನಿನ್ನ ಮುಖ ನನಗ ತೋರಿಸಬ್ಯಾಡ."

ಎದ್ದ. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಒಳಗೆ ಅವಳು ಬಾಯಿಬಿಟ್ಟು ಅಳುವುದು ಬೀದಿಯ ತನಕ ಕೇಳಿಸುತ್ತಿತ್ತು.

ಮರುದಿನ ಅಮೀರ್ ಬೀ ನೀರಿನ ನಲ್ಲಿಯಿಂದ ಕೊಡ ಹೊತ್ತು ಬಂದವಳು, ಕೊಡ ಇಳಿಸುವ ಮುಂಚೆಯೇ ಅಂದಳು: "ನಾಗಕ್ಕ ನಿನ್ನೆ ರಾತ್ರಿ ಉಂಡಳಂತ. ಎರಡು ರೊಟ್ಟಿ ತಾನs ಕೇಳಿ ಉಂಡಳಂತ. ನಿಮಗ ಹಿಡಿಶಾಪ ಹಾಕ್ಕೋತ ಉಂಡಳಂತ. ಅದೇನು ಹೇಳಿ ಬಂದ್ರಿ ಆಕಿಗೆ?"

ಉಂಡಳಲ್ಲ, ಅಷ್ಟು ಸಾಕು ಅಂದುಕೊಂಡ ಹಸನ್ ಸಾಬ್, ಮುಖಕ್ಕೆ ಟವೆಲ್ಲು ಮುಚ್ಚಿಕೊಂಡು ಗೋಡೆಯ ಪಕ್ಕ ಕೂತುಬಿಟ್ಟ.